ಕಲಬುರಗಿಯ ಉಚಿತ ಕಾನೂನು ನೆರವು: ಒಮ್ಮೆ ಹೋಗಿ ನೋಡಿ

ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿಗೆ ವಕೀಲರನ್ನು ಇಡೋಕೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಪರಿಚಯದ ಒಬ್ಬ ತಾಯಿ ಜೊತೆ ನಾನು ಹೋಗಿದ್ದೆ. ಫೀಸಿಲ್ಲ, ಆದಾಯ ಎಷ್ಟು ಅಂತಲೂ ಕೇಳಲಿಲ್ಲ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಈ ಹಕ್ಕಿದೆ. ಅಲ್ಲಿನ ವಕೀಲೆ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, "ಅಕ್ಕಾ, ಮಗಳನ್ನ ಠಾಣೆಗೆ ಕರ್ಕೊಂಡು ಹೋಗಬೇಕಿಲ್ಲ, ಪೊಲೀಸರೇ ಯೂನಿಫಾರ್ಮ್ ಇಲ್ಲದೆ ಮನೆಗೆ ಬಂದು ಹೇಳಿಕೆ ಬರ್ಕೋಬೇಕು" ಅಂದರು. 2012ರ ಪೋಕ್ಸೋ ಕಾಯ್ದೆಯಲ್ಲೇ ಇದು ಇದೆ, ಆದರೂ ಠಾಣೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ಸಿಟ್ಟು ಬರಲ್ವಾ? ಕೇಸ್ ಮುಗಿಯೋ ಮೊದಲೇ ಮಧ್ಯಂತರ ಪರಿಹಾರ ಕೇಳಬಹುದು, ಆ ಅರ್ಜಿಯನ್ನೂ ಅವರೇ ಬರೆದುಕೊಟ್ಟರು. ಕಾನೂನು ಸಲಹೆಗೆ 15100, ಮಗು ಅಪಾಯದಲ್ಲಿದ್ದರೆ ಯಾವ ಹೊತ್ತಿನಲ್ಲಾದರೂ 1098ಕ್ಕೆ ಫೋನ್ ಮಾಡಿ.