ಸಾಲ ಹಾಳಾದ್ಮೇಲೆ ಹೊಸ ಅಕೌಂಟ್: ನಾಲ್ಕು ಕಡೆ ಮಾಡ್ಸಿ ನೋಡಿದ್ದು

ಪಾಸ್‌ಬುಕ್ ಎಂಟ್ರಿ ಹಾಕ್ಸಿದಾಗ್ಲೇ ನಂಗೆ ಗೊತ್ತಾಗಿದ್ದು. ಒಂದು ಸಾಲಲ್ಲಿ ಗೃಹಲಕ್ಷ್ಮಿ 2,000 ಜಮಾ, ಅದರ ಕೆಳಗೇ, ಅದೇ ತಾರೀಕು, 2,000 ಸಾಲದ ಖಾತೆಗೆ ವರ್ಗ, ಬ್ಯಾಲೆನ್ಸ್ ಕಡೆ 11 ರೂಪಾಯಿ ಚಿಲ್ಲರೆ. ಮೂರು ತಿಂಗ್ಳು ಹೀಗೇ ಆಗಿತ್ತು, ನಾನು ದುಡ್ಡೇ ಬಂದಿಲ್ಲ ಅನ್ಕೊಂಡು ಅಂಗನವಾಡಿ ಟೀಚರ್ ಹತ್ರ, ಗ್ರಾಮ ಒನ್ ಹತ್ರ ಎಲ್ಲಾ ಓಡಾಡಿದ್ದೆ.

ನಂದು ತಿಪಟೂರು ತಾಲ್ಲೂಕಲ್ಲಿ ಸಣ್ಣ ಟೈಲರಿಂಗ್ ಅಂಗಡಿ. 2019ರಲ್ಲಿ ಎರಡು ಪವರ್ ಮಷಿನ್ನು ಒಂದು ಓವರ್‌ಲಾಕ್ ತಗೊಳ್ಳೋಕೆ ಒಂದು ಬ್ಯಾಂಕಲ್ಲಿ 1.8 ಲಕ್ಷ ಸಾಲ ಮಾಡಿದ್ದೆ, ವರ್ಷದ ದುಡಿಮೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕೂಲ್ ಯೂನಿಫಾರ್ಮೇ, 2020ರಲ್ಲಿ ಸ್ಕೂಲ್ ಮುಚ್ಚಿದ್ಮೇಲೆ ಯೂನಿಫಾರ್ಮ್ ಯಾರು ಹೊಲಿಸ್ತಾರೆ ಹೇಳಿ. ಆಗಸ್ಟ್ ತನಕ ಮೊರಟೋರಿಯಂ, ಅಂದ್ರೆ ಕಂತು ಮುಂದೂಡೋ ಅವಕಾಶ ಇತ್ತು, ಅದು ಮುಗಿದ ಮೇಲೆ ಕಂತು ಬೌನ್ಸ್ ಆಗ್ತಾ ಹೋಯ್ತು, 90 ದಿನ ದಾಟಿದ ಮೇಲೆ ಎನ್‌ಪಿಎ, ಅಂದ್ರೆ ಕಟ್ಟದೆ ಹಾಳಾದ ಸಾಲ ಅಂತ ಬರೆದ್ರು. ಸಾಲ ತೀರಿಸ್ಬೇಕು ಅನ್ನೋದ್ರಲ್ಲಿ ನಂಗೆ ಎರಡು ಮಾತಿಲ್ಲ, ಆಮೇಲೆ ಸೆಟಲ್‌ಮೆಂಟ್ (ಬ್ಯಾಂಕು ಸ್ವಲ್ಪ ಬಿಟ್ಟು ಉಳಿದಿದ್ದು ಕಟ್ಟಿಸ್ಕೊಳ್ಳೋದು) ಮಾಡ್ಕೊಂಡು ಕಟ್ಟಿದ್ದೀನಿ ಕೂಡ. ಆದ್ರೆ ಮನೆ ರೇಷನ್ನಿಗೆ ಅಂತ ಬರೋ ದುಡ್ಡು ಕೈಗೇ ಸಿಗದೆ ಹೋಗೋದು ಬೇರೆ ಸಂಕಟ. ಸಾಲ ಇರೋ ಬ್ಯಾಂಕಲ್ಲೇ ನಿಮ್ಮ ಉಳಿತಾಯ ಖಾತೆನೂ ಇದ್ರೆ ಅವರಿಗೆ ಆ ದುಡ್ಡಿನ ಮೇಲೆ ಕೈ ಹಾಕೋಕೆ ದಾರಿ ಇದೆ, ಕಾಂಟ್ರಾಕ್ಟ್ ಆಕ್ಟ್ 171ನೇ ಸೆಕ್ಷನ್ನಲ್ಲಿ ಲೀನ್ ಹಕ್ಕು (ಬಾಕಿಗೆ ನಿಮ್ಮ ದುಡ್ಡು ಹಿಡ್ಕೊಳ್ಳೋ ಹಕ್ಕು) ಅಂತಾನೇ ಇದೆ. ಬೇರೆ ಬ್ಯಾಂಕಲ್ಲಿರೋ ಖಾತೆಗೆ ಅವರೇ ನೇರವಾಗಿ ಹೀಗೆ ಕೈ ಹಾಕೋಕಾಗಲ್ಲ. ಅದಕ್ಕೇ ಬೇರೆ ಕಡೆ ಖಾತೆ ಹುಡುಕ್ಕೊಂಡು ಹೊರಟಿದ್ದು.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಇದು ಗೊತ್ತಿಲ್ದೆ ನಾನು ಎಂಟು ತಿಂಗ್ಳು ಸುಮ್ನೆ ಕೂತಿದ್ದೆ. ಸಿಬಿಲ್ ಅನ್ನೋದು ಸಾಲದ ಲೆಕ್ಕ, 300ರಿಂದ 900ರ ಒಳಗೆ ಒಂದು ನಂಬರ್ರು, ಅದರಲ್ಲಿ ನಿಮ್ಮ ಎಸ್‌ಬಿ (ಉಳಿತಾಯ) ಖಾತೆ ವಿಷಯ ಬರೋದೇ ಇಲ್ಲ. ಎಸ್‌ಬಿ ಖಾತೆ ತೆಗೆಯೋಕೆ ಕೇಳೋದು ಕೆವೈಸಿ, ಅಂದ್ರೆ ಗುರುತಿನ ದಾಖಲೆ: ಆಧಾರ್, ಪ್ಯಾನ್, ಪ್ಯಾನ್ ಇಲ್ಲಾಂದ್ರೆ ಅದರ ಬದಲಿಗೆ ಬರ್ಕೊಡೋ ಫಾರಂ, ಫೋಟೋ, ಅಷ್ಟೇ. ಸ್ಕೋರ್ 500 ಇದ್ರೂ ಖಾತೆ ಆಗುತ್ತೆ.

ಒಂದನೇದು, ಬೇರೆ ಒಂದು ರಾಷ್ಟ್ರೀಕೃತ ಬ್ಯಾಂಕಲ್ಲಿ ಝೀರೋ ಬ್ಯಾಲೆನ್ಸ್ ಬೇಸಿಕ್ ಖಾತೆ. ಕೌಂಟರಲ್ಲಿ ಇದ್ದವರು "ನಿಮ್ಮ ಸಿಬಿಲ್ ಸರಿ ಇಲ್ಲ, ಆಗಲ್ಲ" ಅಂದ್ರು, ಜನಧನ್ (ಅದೂ ಬೇಸಿಕ್ ಖಾತೆನೇ) ಕೇಳಿದ್ದಕ್ಕೆ "ಅದು ಯಾವಾಗ್ಲೋ ನಿಂತೋಯ್ತು" ಅಂದ್ರು. ಎರಡೂ ತಪ್ಪು. ಜನಧನ್ 2014ರ ಆಗಸ್ಟ್ 28ಕ್ಕೆ ಶುರುವಾಗಿದ್ದು, ನಿಂತಿಲ್ಲ, ಅದಕ್ಕೂ ಮುಂಚೆ 2012ರಲ್ಲೇ ಬೇಸಿಕ್ ಖಾತೆ ಎಲ್ಲಾ ಬ್ಯಾಂಕೂ ಕೊಡ್ಬೇಕು ಅಂತ ಆರ್‌ಬಿಐ ಹೇಳಿದೆ. ನಾನು ವಾಪಸ್ ಬಂದು ಮಾರನೇ ದಿನ ಅರ್ಜಿನ ಕೈಯಲ್ಲೇ ಬರ್ಕೊಂಡು ಹೋದೆ, "ಬೇಸಿಕ್ ಉಳಿತಾಯ ಖಾತೆ ತೆರೆಯಲು ಕೋರಿಕೆ" ಅಂತ, ಎರಡು ಕಾಪಿ, ಒಂದಕ್ಕೆ ಸೀಲ್ ಹಾಕ್ಕೊಡಿ, ಆಗಲ್ಲ ಅನ್ನೋದಾದ್ರೆ ಕಾರಣ ಬರೆದು ಕೊಡಿ ಅಂತ ಕೇಳ್ದೆ. ಮ್ಯಾನೇಜರ್ ಓದಿ ನೋಡಿ ಒಳಗೆ ಕರೆದು ಕೂರಿಸಿ ಫಾರಂ ಕೊಟ್ರು. ಜೋರು ಮಾತೇ ಆಗ್ಲಿಲ್ಲ. ಒಂಬತ್ತು ದಿನಕ್ಕೆ ಪಾಸ್‌ಬುಕ್ಕು, ಇನ್ನೊಂದು ವಾರಕ್ಕೆ ರುಪೇ ಕಾರ್ಡು ಬಂತು.

ಈ ಖಾತೆ ಬಗ್ಗೆ ಗೊತ್ತಿರ್ಬೇಕಾದ್ದು ಏನಂದ್ರೆ ತಿಂಗ್ಳಿಗೆ 4 ಸಲ ದುಡ್ಡು ತೆಗೆಯೋದು ಫ್ರೀ, ಹಾಕೋಕೆ ಮಿತಿ ಇಲ್ಲ, 4 ದಾಟಿದ್ರೆ ಏನು ಚಾರ್ಜು ಅಂತ ಖಾತೆ ತೆಗೆಯೋವಾಗ್ಲೇ ಕೇಳ್ಕೊಳ್ಳಿ. ಅದೇ ಬ್ಯಾಂಕಲ್ಲಿ ಇನ್ನೊಂದು ಎಸ್‌ಬಿ ಇಟ್ಕೊಳ್ಳೋ ಹಾಗಿಲ್ಲ. ಜನಧನ್ನಲ್ಲಿ 10,000 ತನಕ ಓವರ್‌ಡ್ರಾಫ್ಟ್ (ಖಾತೆಲಿ ಇಲ್ದಿರೋ ದುಡ್ಡನ್ನೂ ತೆಗೆಯೋದು) ಸಿಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಹೌದು ಇದೆ, ಆದ್ರೆ ಅದು ಸಾಲ, ಅಲ್ಲಿ ಹಳೇ ಲೆಕ್ಕ ಎಲ್ಲಾ ಮೇಲೆ ಬರುತ್ತೆ, ಅದನ್ನ ನೆಚ್ಕೊಂಡು ಖಾತೆ ತೆಗೀಬೇಡಿ.

ಎರಡನೇದು ಅಂಚೆ ಇಲಾಖೆದು, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್. ನಂಗೆ ನಿಜವಾಗ್ಲೂ ಉಸಿರು ಬಿಟ್ಟಂಗಾಗಿದ್ದು ಇಲ್ಲಿ. ನಮ್ಮೂರ ಅಂಚೆಯಣ್ಣ ಅಂಗಡಿಗೇ ಮೊಬೈಲು, ಬೆರಳಚ್ಚಿನ ಮಷಿನ್ನು ತಗೊಂಡು ಬಂದ್ರು. ನಂದು ಹೊಲಿಗೆ ಕೈ, ಸೂಜಿ ಚುಚ್ಚಿ, ಇಸ್ತ್ರಿ ಪೆಟ್ಟಿಗೆ ಬಿಸಿ ತಾಗಿ ಬೆರಳಿನ ಗೆರೆನೇ ಸವೆದಿದೆ, ಹೆಬ್ಬೆರಳು ಇಟ್ಟೆ ಬರ್ಲಿಲ್ಲ, ತೋರುಬೆರಳು ಇಟ್ಟೆ ಬರ್ಲಿಲ್ಲ. ಅವ್ರು ಒಂಚೂರೂ ಬೇಜಾರಿಲ್ದೆ ಒದ್ದೆ ಬಟ್ಟೆಲಿ ಒರೆಸ್ಕೊಳ್ಳಿ ಅಂತ ಒಂದೊಂದೇ ಬೆರಳು ಇಡಿಸಿದ್ರು, ಕೊನೆಗೆ ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ ಬಂತು. ಹತ್ತು ನಿಮಿಷಕ್ಕೆ ಖಾತೆ ನಂಬರ್ ಮೆಸೇಜ್ ಬಂದೇಬಿಡ್ತು. ಇವತ್ತಿಗೂ ದುಡ್ಡು ತೆಗೆಯೋವಾಗ ಅದೇ ಬೆರಳೇ ಇಡ್ತೀನಿ.

ಪೇಮೆಂಟ್ಸ್ ಬ್ಯಾಂಕ್ ಅಂದ್ರೆ ಅದು ಸಾಲ ಕೊಡೋ ಹಾಗೇ ಇಲ್ಲ, ಆರ್‌ಬಿಐ ಲೈಸೆನ್ಸಲ್ಲೇ ಹಾಗಿದೆ, ಹಾಗಾಗಿ ಅಲ್ಲಿ ಯಾರಿಗೂ ನಿಮ್ಮ ಸ್ಕೋರ್ ನೋಡೋ ಅಗತ್ಯ ಬೀಳಲ್ಲ. ಕೊರತೆನೂ ಇದೆ: ದಿನದ ಕೊನೆಗೆ 2 ಲಕ್ಷಕ್ಕಿಂತ ಜಾಸ್ತಿ ಇರಂಗಿಲ್ಲ, ಬಡ್ಡಿ ತುಂಬಾ ಕಮ್ಮಿ. ಅದಕ್ಕೆ ನಾನು ಪೋಸ್ಟಾಫೀಸ್ ಎಸ್‌ಬಿ ಖಾತೆನೂ ತೆಗೆದು ಎರಡನ್ನೂ ಲಿಂಕ್ ಮಾಡ್ಸಿದೆ, ಅದಕ್ಕೆ 500 ಇಟ್ರೆ ಸಾಕು, ಬಡ್ಡಿ 4 ಪರ್ಸೆಂಟ್.

ಈಗ ಮುಖ್ಯವಾದ್ದು, ಸರ್ಕಾರದ ದುಡ್ಡು ಎಲ್ಲಿಗೆ ಬೀಳುತ್ತೆ ಅನ್ನೋದು. ಹೊಸ ಖಾತೆ ಆದ ಮೇಲೂ ಒಂದು ತಿಂಗ್ಳು ಗೃಹಲಕ್ಷ್ಮಿ ಹಳೇ ಬ್ಯಾಂಕಿಗೇ ಹೋಯ್ತು, ನಂಗೆ ಅಳುನೇ ಬಂತು. ಆಮೇಲೆ ತಿಳೀತು, ಖಾತೆಗೆ ಆಧಾರ್ ಕೊಟ್ಟಿರೋದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರೋ ದುಡ್ಡು ಯಾವ ಬ್ಯಾಂಕಿಗೆ ಹೋಗ್ಬೇಕು ಅಂತ ದಾಖಲಿಸೋದು) ಬೇರೆ. ಒಬ್ಬರ ಆಧಾರ್‌ಗೆ ಒಂದು ಸಲಕ್ಕೆ ಒಂದೇ ಬ್ಯಾಂಕ್ ಮ್ಯಾಪ್ ಆಗಿರುತ್ತೆ, ಕೊನೆಗೆ ಯಾವುದಕ್ಕೆ ಮಾಡ್ಸಿದ್ರೋ ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ದುಡ್ಡು, ಅಲ್ಲಿಗೇ ಹೋಗುತ್ತೆ. ಹೊಸ ಬ್ಯಾಂಕಲ್ಲಿ "ಡಿಬಿಟಿಗೆ ಆಧಾರ್ ಸೀಡಿಂಗ್" ಅಂತ ಬೇರೆ ಒಪ್ಪಿಗೆ ಕೊಡ್ಬೇಕು, ಆಮೇಲೆ ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಒಟಿಪಿ ಹಾಕಿದ್ರೆ ಯಾವ ಬ್ಯಾಂಕು ಅಂತ ಹೆಸರೇ ತೋರ್ಸುತ್ತೆ. ನಂದು ಅಂಚೆ ಖಾತೆಗೆ ಬದಲಾಗಿದ್ದನ್ನ ಅಲ್ಲಿ ಕಣ್ಣಾರೆ ನೋಡಿದ ಮೇಲೇ ಸಮಾಧಾನ ಆಗಿದ್ದು.

ಮೂರನೇದು ಒಂದು ಸ್ಮಾಲ್ ಫೈನಾನ್ಸ್ ಬ್ಯಾಂಕು. ಖಾತೆ ಆಗಿದ್ದು ಬೇಗ, ಮಾತೂ ಮರ್ಯಾದೆನೂ ಚೆನ್ನಾಗಿತ್ತು, ಎಸ್‌ಬಿ ಬಡ್ಡಿನೂ ಮೊದಲೆರಡಕ್ಕಿಂತ ಜಾಸ್ತಿ. ಆದ್ರೆ ನಂಗೆ ಕೊಟ್ಟ ಖಾತೆಗೆ ಸರಾಸರಿ 2,000 ಇರ್ಬೇಕಿತ್ತು, ಅದನ್ನ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ, ಎರಡು ತಿಂಗ್ಳು ಚಾರ್ಜ್ ಕಟ್ ಆದ್ಮೇಲೆ ಗೊತ್ತಾಯ್ತು. ಮಿನಿಮಮ್ ಇಲ್ಲ ಅಂತ ಖಾತೆ ಮೈನಸ್ಸಿಗೆ ಇಳಿಸೋ ಹಾಗಿಲ್ಲ ಅಂತ ಆರ್‌ಬಿಐ ನಿಯಮ 2015ರಿಂದಾನೇ ಇದೆ, ಅಷ್ಟಾದ್ರೂ ಧೈರ್ಯ. ಆದ್ರೂ ಈ ಖಾತೆ ಮುಚ್ಚಿಲ್ಲ, ಯಾಕಂದ್ರೆ ಸ್ಕೋರ್ ಮೇಲೆ ಎತ್ತೋಕೆ ದಾರಿ ಸಿಕ್ಕಿದ್ದು ಇಲ್ಲೇ. 15,000 ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡೆ, ಠೇವಣಿ ಅವರ ಹತ್ರಾನೇ ಇರೋದ್ರಿಂದ ನಂಗೆ ಸ್ಕೋರ್ ಕೇಳ್ಲಿಲ್ಲ. ದಾರ, ಲೈನಿಂಗ್ ಬಟ್ಟೆ, ಝಿಪ್ಪು ಮಾತ್ರ ಅದರಲ್ಲಿ ತರ್ತೀನಿ, ಬಿಲ್ ಬಂದ ದಿನಾನೇ ಪೂರ್ತಿ ಕಟ್ತೀನಿ, ಒಂದೂವರೆ ವರ್ಷದಲ್ಲಿ 548 ಇದ್ದಿದ್ದು 651 ಆಗಿದೆ. ರಿಪೋರ್ಟಲ್ಲಿ ಹಳೇ ಸಾಲದ ಮುಂದೆ "ಸೆಟಲ್ಡ್" ಅಂತಾನೇ ಇದೆ, "ಕ್ಲೋಸ್ಡ್" ಅಂತ ಆಗ್ಬೇಕಂದ್ರೆ ಬಿಟ್ಟ ದುಡ್ಡೂ ಕಟ್ಟಿ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ತಗೋಬೇಕು, ಅದನ್ನೂ ಮಾಡ್ತೀನಿ. ರಿಪೋರ್ಟಿಗೆ ಯಾರಿಗೂ ದುಡ್ಡು ಕೊಡ್ಬೇಡಿ, ಪ್ರತಿ ಕ್ರೆಡಿಟ್ ಕಂಪನಿನೂ ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡ್ಲೇಬೇಕು.

ನಾಲ್ಕನೇದು ಊರಿನ ಸೌಹಾರ್ದ ಸಹಕಾರಿ, ಬ್ಯಾಂಕಲ್ಲ, ಸೊಸೈಟಿ. ಗೊತ್ತಿರೋ ಮುಖ, ಷೇರು ತಗೊಂಡು ಮೆಂಬರ್ ಆದ್ರೆ ಮುಗೀತು, ಪಿಗ್ಮಿ ಕಟ್ಟಿಸ್ಕೊಳ್ಳೋಕೆ ದಿನಾ ಅಂಗಡಿಗೇ ಬರ್ತಾರೆ. ಆದ್ರೆ ನನ್ನ ಖಾತೆಗೆ ಯುಪಿಐ ಇಲ್ಲ, ಡಿಬಿಟಿ ಬರಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಂಕಲ್ಲಿ ಇಟ್ಟ ದುಡ್ಡಿಗೆ ಇರೋ 5 ಲಕ್ಷದ ಠೇವಣಿ ವಿಮೆ ಈ ಸೊಸೈಟಿಗಳಿಗೆ ಇಲ್ಲ. ಪೇಮೆಂಟ್ಸ್ ಬ್ಯಾಂಕಿಗೆ ಇದೆ, ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ, ಸಹಕಾರಿ ಸೊಸೈಟಿಗೆ ಇಲ್ಲ, ಬೋರ್ಡಲ್ಲಿ ಹೆಸರು ಸರಿಯಾಗಿ ಓದ್ಕೊಳ್ಳಿ. ನಾನು ಆರು ತಿಂಗ್ಳು ಪಿಗ್ಮಿ ಕಟ್ಟಿ ವಾಪಸ್ ತಗೊಂಡೆ.

ಅಕ್ಕಪಕ್ಕ ಇಟ್ಟು ನೋಡಿದ್ರೆ ಇವತ್ತೇ ಖಾತೆ ಬೇಕು, ಸಾಲದ ಬ್ಯಾಂಕಿಂದ ಡಿಬಿಟಿ ತಪ್ಪಿಸ್ಬೇಕು ಅನ್ನೋರಿಗೆ ಅಂಚೆನೇ ಸರಿ, ಅದರಲ್ಲಿ ನಂಗೆ ಅನುಮಾನ ಇಲ್ಲ. ಎಟಿಎಂ ಕಾರ್ಡು ಬೇಕು, ಮಕ್ಕಳ ಫೀಸು, ಸಂಘದ ಕಂತು ಎಲ್ಲಾ ಒಂದೇ ಕಡೆ ನಡೀಬೇಕು ಅಂದ್ರೆ ಬೇಸಿಕ್ ಖಾತೆ, ಅದಕ್ಕೆ ಓಡಾಟ ಜಾಸ್ತಿ, ಸಿಕ್ಕಿದ ಮೇಲೆ ಕಾಟ ಇಲ್ಲ. ಸ್ಮಾಲ್ ಫೈನಾನ್ಸು ಸ್ವಲ್ಪ ದುಡ್ಡು ಕೈಯಲ್ಲಿ ಓಡಾಡೋಕೆ ಶುರುವಾದ ಮೇಲೆ.

ಅಂಗಡಿ ಇರೋರಿಗೆ ಇನ್ನೊಂದು. ನಂಗೆ ಒಬ್ರು ಕರೆಂಟ್ ಅಕೌಂಟೇ (ವ್ಯಾಪಾರದ ಖಾತೆ) ಮಾಡ್ಸು ಅಂದ್ರು, ವಿಚಾರಿಸಿದ್ರೆ ಅಲ್ಲಿ ಬೇರೆ ಬ್ಯಾಂಕಲ್ಲಿ ಏನೇನು ಸಾಲ ಇದೆ ಅಂತ ಡಿಕ್ಲರೇಶನ್ ಕೇಳ್ತಾರೆ, ಹಳೇ ಬಾಕಿ ಇದ್ರೆ ಅಲ್ಲೇ ತಗಲಾಕ್ಕೊಳ್ಳುತ್ತೆ. ನಮ್ಮಂಥ ಸಣ್ಣ ಅಂಗಡಿಗೆ ಎಸ್‌ಬಿ ಖಾತೆಗೇ ಕ್ಯೂಆರ್ ಹಾಕ್ಕೊಡ್ತಾರೆ. ನಂದು ಅಂಚೆ ಖಾತೆದೇ ಕ್ಯೂಆರ್, ಓವರ್‌ಲಾಕ್ ಮಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದೀನಿ, ಈ ಜೂನಲ್ಲಿ ಯೂನಿಫಾರ್ಮಿನ ಅಡ್ವಾನ್ಸ್ ಎಲ್ಲಾ ಅದಕ್ಕೇ ಬಂತು.