ದಾವಣಗೆರೆಯ ಮಧುಮೇಹ ಪಾದ ಕ್ಲಿನಿಕ್: ರಕ್ತನಾಳ ತಪಾಸಣೆಯ ಬಗ್ಗೆ ನನ್ನ ಅಭಿಪ್ರಾಯ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದ ಮತ್ತು ಕಾಲಿನ ರಕ್ತನಾಳಗಳನ್ನು ತಪಾಸಣೆ ಮಾಡುವ ಸಣ್ಣ ಕ್ಲಿನಿಕ್ ಒಂದಿದೆ. ಸ್ವಲ್ಪ ದೂರ ನಡೆದರೂ ಮೀನಖಂಡ ಹಿಡಿದುಕೊಳ್ಳುತ್ತದೆ ಎನ್ನುತ್ತಿದ್ದ ನಮ್ಮ ತಂದೆಯವರನ್ನು ಅಲ್ಲಿಗೆ ಕರೆದೊಯ್ದಿದ್ದೆ. ಶುಗರ್ ಎಷ್ಟಿದೆ ಎಂದು ನೋಡಿ ಮಾತ್ರೆ ಬದಲಿಸುವ ಕಡೆಗಳಿಗೆ ಊರಿನಲ್ಲಿ ಕೊರತೆಯಿಲ್ಲ. ಆ ಶುಗರ್ ರಕ್ತನಾಳಕ್ಕೆ ಏನು ಮಾಡಿದೆ ಎಂಬುದನ್ನು ಅಳೆದು, ರೋಗಿಗೆ ತಿಳಿಯುವಂತೆ ಹೇಳುವುದು ಈ ಕ್ಲಿನಿಕ್ಕಿನ ಹೆಚ್ಚುಗಾರಿಕೆ.

ಪಾದದ ಚರ್ಮ, ಬೆರಳುಗಳ ಸಂದಿ ಮತ್ತು ಸ್ಪರ್ಶಜ್ಞಾನವನ್ನು ಪರೀಕ್ಷಿಸಿದ ಮೇಲೆ, ಮಲಗಿಸಿ ವಿಶ್ರಾಂತಿ ಕೊಟ್ಟು, ಎರಡೂ ತೋಳುಗಳಲ್ಲೂ ಎರಡೂ ಪಾದಗಳ ಹರಡಿನ ಬಳಿಯಲ್ಲೂ ಡಾಪ್ಲರ್ (ರಕ್ತ ಹರಿಯುವ ಸದ್ದನ್ನು ಕೇಳಿಸುವ ಸಾಧನ) ಹಿಡಿದು ರಕ್ತದೊತ್ತಡ ಅಳೆದರು. ಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ತಂದೆಯವರಿಗೆ 1.4ಕ್ಕಿಂತ ಹೆಚ್ಚು ಬಂತು. ಹೆಚ್ಚು ಬಂದರೆ ಒಳ್ಳೆಯದೆಂದು ಯಾರಾದರೂ ಭಾವಿಸಬಹುದು. ಆದರೆ ಮಧುಮೇಹದಲ್ಲಿ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ, ಬಿಸಿಲಿಗೆ ಒಣಗಿದ ರಬ್ಬರ್ ಕೊಳವೆಯಂತೆ ಬಿರುಸಾಗಿ, ಪಟ್ಟಿ ಬಿಗಿದರೂ ಅದು ಅಮುಕಿಕೊಳ್ಳದಿರುವುದರಿಂದಲೇ ಇಂಥ ಸುಳ್ಳು ಅಂಕಿ ಬರುತ್ತದೆ. ಆದ್ದರಿಂದ ಅಲ್ಲಿಗೇ ನಿಲ್ಲಿಸದೆ ಕಾಲಿನ ಹೆಬ್ಬೆರಳಿನ ಒತ್ತಡವನ್ನೂ ಅಳೆದು ತೋಳಿನ ಒತ್ತಡದಿಂದ ಭಾಗಿಸಿದರು, ಅದು 0.7ಕ್ಕಿಂತ ಕೆಳಗಿದ್ದು, ತೊಂದರೆ ಇರುವುದು ಖಚಿತವಾಯಿತು. ಈ ಒಂದು ಹೆಜ್ಜೆಗಾಗಿಯೇ ಈ ಕ್ಲಿನಿಕ್ಕನ್ನು ಇತರರಿಗೆ ಸೂಚಿಸುತ್ತೇನೆ.

ಮಧುಮೇಹದಲ್ಲಿ ನಾಳ ಏಕೆ ಬಿಗಿಯುತ್ತದೆ ಎಂಬುದಕ್ಕೆ ವೈದ್ಯೆ ಕೊಟ್ಟ ವಿವರಣೆ ನನಗೆ ಅಷ್ಟೇ ಮುಖ್ಯವೆನಿಸಿತು. ನಾಳದ ಗೋಡೆಯ ಸ್ನಾಯುಕೋಶದೊಳಗೆ ಮುಕ್ತವಾಗಿರುವ ಕ್ಯಾಲ್ಸಿಯಂ ಸಾಮಾನ್ಯವಾಗಿ ಹೊರಗಿರುವುದರ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಹೊರಗಿನಿಂದಲೂ ಕೋಶದ ಒಳದಾಸ್ತಾನಿನಿಂದಲೂ ಅದು ನುಗ್ಗಿ ಬಂದಾಗ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಸ್ನಾಯುವನ್ನು ಬಿಗಿಯುವ ಕಿಣ್ವವನ್ನು ಎಬ್ಬಿಸುತ್ತದೆ. ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ನಾಳದ ಒಳಪದರದಿಂದ ಸಿಗಬೇಕಾದ, ಬಿಗಿತವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ. ಪ್ರೋಟೀನ್ ಕೈನೇಸ್ ಸಿ, ರೋ ಕೈನೇಸ್ ಎಂಬ ಕಿಣ್ವಗಳು ಚುರುಕಾಗಿ, ಅಷ್ಟೇ ಕ್ಯಾಲ್ಸಿಯಂಗೆ ಸ್ನಾಯು ಹೆಚ್ಚು ಬಿಗಿಯುವಂತೆ ಮಾಡುತ್ತವೆ. ಎಲ್ಲ ನಾಳಗಳಲ್ಲೂ ಬದಲಾವಣೆ ಒಂದೇ ತೆರನಲ್ಲ, ಪ್ರಯೋಗಗಳಲ್ಲಿ ಕೆಲವು ನಾಳಗಳ ಸಂಕೋಚನ ಕುಗ್ಗಿದ್ದೂ ಇದೆ ಎಂದು ಅವರು ಸೇರಿಸಿದ್ದು ನನಗೆ ಮೆಚ್ಚುಗೆಯಾಯಿತು.

ತಂದೆಯವರು, "ಹಂಗಾರೆ ನಾ ತಗಳೋ ಕ್ಯಾಲ್ಸಿಯಂ ಮಾತ್ರೆ ಬಿಡಬೇಕೇನ್ರಿ ಮೇಡಂ?" ಎಂದು ಕೇಳಿದರು. ರಕ್ತದ ಕ್ಯಾಲ್ಸಿಯಂ ಅನ್ನು ದೇಹವೇ ಒಂದು ಮಿತಿಯಲ್ಲಿ ಕಾಯ್ದುಕೊಳ್ಳುತ್ತದೆ, ಈ ಬಿಗಿತ ಕೋಶದೊಳಗಿನ ಏರಿಳಿತದ್ದು, ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮೂಳೆಯ ಸ್ಥಿತಿ ನೋಡಿ ಹೇಳಬೇಕು ಎಂದು ಅವರು ಸಾವಧಾನವಾಗಿ ಉತ್ತರಿಸಿದರು. ಬಿ.ಪಿ.ಗೆ ತಂದೆಯವರು ನುಂಗುವ ಆಮ್ಲೋಡಿಪಿನ್ ಕ್ಯಾಲ್ಸಿಯಂ ಒಳಬರುವ ದ್ವಾರವನ್ನೇ ತಡೆಯುತ್ತದೆಂದೂ, ಅದರಿಂದ ಕಾಲು ಊದಿದರೆ ತಾವಾಗಿಯೇ ನಿಲ್ಲಿಸದೆ ಬಂದು ತೋರಿಸಬೇಕೆಂದೂ ಹೇಳಿದರು. ಮನೆಯಲ್ಲಿ ಅದನ್ನು ವರ್ಷಗಟ್ಟಲೆ ನುಂಗುತ್ತಿದ್ದರೂ ಇದನ್ನು ಯಾರೂ ನಮಗೆ ತಿಳಿಸಿರಲಿಲ್ಲ.

ಕೊರತೆಗಳೂ ಇವೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಜಗಳೂರು, ಹೊನ್ನಾಳಿ ಕಡೆಯ ಹಳ್ಳಿಗಳಿಂದ ಬರುವವರಿಗೆ ಕನ್ನಡದ ಒಂದು ಪುಟವನ್ನಾದರೂ ಕೊಡಲೇಬೇಕು. ಬೆರಳಿಗೆ ಕಟ್ಟುವ ಪಟ್ಟಿ ಒಂದೇ ಇರುವುದರಿಂದ ಕಾಯುವುದು ಬಹಳ, ಕೂರಲು ಜಾಗ ಸಾಲದು. ಹೋಗುವವರು ಹಳೆಯ ವರದಿಗಳನ್ನೂ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಬೇಕು. ಬೀಡಿ ಮತ್ತು ಕಾಫಿ ನಾಳಗಳ ಬಿಗಿತವನ್ನೂ ಒತ್ತಡವನ್ನೂ ಬದಲಿಸುವುದರಿಂದ ಅಳತೆಗೆ ಮುನ್ನ ಅವೆರಡನ್ನೂ ಸೇವಿಸಬಾರದು.