ಅರ್ಕಾವೊತ್ತು ಮತ್ತು ಎರಡು ಓಸಿಆರ್‌ಗಳು: ಕೊಂಡದ್ದು, ಬರೆದುಕೊಂಡದ್ದು

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಮರುಮುದ್ರಣಕ್ಕೆ ಪಠ್ಯ ಸಿದ್ಧಪಡಿಸುವುದು ನನ್ನ ಕೆಲಸ. ಪುಟದ ಲೆಕ್ಕದಲ್ಲಿ ಹಣ ಪಡೆಯುವ ಒಂದು ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ) ಸೇವೆಯನ್ನೂ, ಟೆಸರಾಕ್ಟ್ ಆಧರಿಸಿ ಪೈಥಾನ್‌ನಲ್ಲಿ ನಾನೇ ಬರೆದುಕೊಂಡ ಪ್ರೋಗ್ರಾಮನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನಾನೇ ಬರೆದದ್ದು ಎಂದರೆ ಅಕ್ಷರ ಗುರುತಿಸುವ ಯಂತ್ರವನ್ನಲ್ಲ. 2005ರಲ್ಲಿ ಮುಕ್ತ ತಂತ್ರಾಂಶವಾದ ಟೆಸರಾಕ್ಟ್ ಆ ಕೆಲಸವನ್ನು ಉಚಿತವಾಗಿಯೇ ಮಾಡುತ್ತದೆ. ಪುಟವನ್ನು ನೇರಗೊಳಿಸುವುದು, ಕಲೆ ತೆಗೆಯುವುದು, ಬಂದ ಪಠ್ಯವನ್ನು ತಿದ್ದುವುದು ಮಾತ್ರ ನನ್ನ ಪಾಲು.

ಕೊಂಡ ಸೇವೆ ಪ ಮತ್ತು ಫ, ಬ ಮತ್ತು ಭಗಳ ನಡುವೆ ಎಡವುವುದನ್ನು ಸಹಿಸಬಹುದು, ಏಕೆಂದರೆ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಅರ್ಕಾವೊತ್ತಿನ, ಅಂದರೆ ಮೊದಲು ಉಚ್ಚರಿಸುವ ‘ರ್’ ಅನ್ನು ಮುಂದಿನ ಅಕ್ಷರದ ಬಲಕ್ಕೆ ಬರೆಯುವ ಚಿಹ್ನೆಯ, ತಪ್ಪು ಹಾಗಲ್ಲ. ಅಚ್ಚಿನಲ್ಲಿರುವ ‘ಮಾರ್ಗ’ವನ್ನು ಅದು ‘ಮಾಗ೯’ ಎಂದು, ಅಂದರೆ ಕೊನೆಯಲ್ಲಿ ಒಂಬತ್ತರ ಅಂಕಿಯನ್ನಿಟ್ಟು, ಕೊಡುತ್ತದೆ. ತೆರೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ ಕರಡು ತಿದ್ದುವವರು ಅದನ್ನು ದಾಟಿ ಹೋಗುತ್ತಾರೆ. ಮುಂದೆ ಪದಸೂಚಿ ಮಾಡುವಾಗ ‘ಮಾರ್ಗ’ ಎಂದು ಹುಡುಕಿದರೆ ಅರ್ಧಕ್ಕರ್ಧ ಸಿಗುವುದಿಲ್ಲ. ಈ ಬಗ್ಗೆ ಮತ್ತೆ ಮತ್ತೆ ಬರೆದಾಗಲೂ ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬಂತೇ ಹೊರತು ಪರಿಹಾರ ಬರಲಿಲ್ಲ.

ನನ್ನ ಪ್ರೋಗ್ರಾಮಿನಲ್ಲಿ ಅದಕ್ಕೆ ಸಣ್ಣದೊಂದು ನಿಯಮ ಸಾಕಾಯಿತು: ಅಕ್ಷರಕ್ಕೆ ಅಂಟಿಕೊಂಡು ೯ ಬಂದರೆ ಅದನ್ನು ತೆಗೆದು, ಹಿಂದಿನ ಅಕ್ಷರಕ್ಕೂ ಮೊದಲು, ಅದಕ್ಕೆ ಒತ್ತಿದ್ದರೆ ಒತ್ತನ್ನೂ ಸೇರಿಸಿ ಇಡೀ ಗುಂಪಿಗೂ ಮೊದಲು, ‘ರ್’ ಇಡುವುದು. ಉಳಿದ ತಪ್ಪುಗಳಿಗೆ ಬೆಳಗಿನ ಹೊತ್ತು ಮೀಸಲು. ತಪ್ಪು ಓದಿದ ಸಾಲಿನ ಚಿತ್ರವನ್ನು ಕತ್ತರಿಸಿ, ಅದೇ ಹೆಸರಿನ ಕಡತದಲ್ಲಿ ಸರಿಯಾದ ಸಾಲನ್ನು ಟೈಪ್ ಮಾಡಿಡುತ್ತೇನೆ. ಸಾಕಷ್ಟು ಕೂಡಿದ ಮೇಲೆ ಅವುಗಳಿಂದ ಟೆಸರಾಕ್ಟ್‌ಗೆ ತರಬೇತಿ ಕೊಡುತ್ತೇನೆ. ಮೊಳೆಯಚ್ಚಿನ ಸವೆದ ಒತ್ತಕ್ಷರವೊಂದನ್ನು ಅದು ಮರುದಿನ ಸರಿಯಾಗಿ ಓದಿದಾಗ ಆಗುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಆದರೂ ಕೊಂಡ ಸೇವೆಯನ್ನು ಬಿಟ್ಟಿಲ್ಲ. ಹಳೆಯ ಪತ್ರಿಕೆಗಳ ಪುಟದಲ್ಲಿ ಮೂರು ಅಂಕಣ, ನಡುವೆ ಜಾಹೀರಾತು, ಪಕ್ಕದಲ್ಲೊಂದು ಕೋಷ್ಟಕವಿದ್ದರೆ ನನ್ನ ಪ್ರೋಗ್ರಾಮು ಒಂದು ಅಂಕಣದ ಸಾಲಿಗೆ ಇನ್ನೊಂದರ ಸಾಲನ್ನು ಪೋಣಿಸಿಬಿಡುತ್ತದೆ. ಅದನ್ನು ಸರಿಪಡಿಸಲು ಕೂತರೆ ಪುಸ್ತಕದ ಕೆಲಸ ನಿಂತುಹೋಗುತ್ತದೆ. ಆ ಸೇವೆ ಅಂಕಣಗಳನ್ನು ಅಚ್ಚುಕಟ್ಟಾಗಿ ಬೇರ್ಪಡಿಸುತ್ತದೆಂದು ಒಪ್ಪಲೇಬೇಕು. ಹೀಗಾಗಿ ಪುಸ್ತಕಗಳಿಗೆ ನನ್ನದು, ಪತ್ರಿಕೆಗಳಿಗೆ ಅದು. ಪತ್ರಿಕೆಯ ಪುಟದ ಖರ್ಚನ್ನು ಕೆಲಸ ಕೊಟ್ಟವರ ಲೆಕ್ಕಕ್ಕೆ ಹಾಕುತ್ತೇನೆ. ಅಲ್ಲಿಂದ ಬಂದ ಪಠ್ಯವನ್ನೂ ಅರ್ಕಾವೊತ್ತಿನ ನಿಯಮದಲ್ಲಿ ಹಾಯಿಸಿದ ಮೇಲೆಯೇ ಕರಡು ತಿದ್ದಲು ಕೊಡುವುದು.